ಕಳುಹಿಸಿದವರು: ಗಂಗಾಧರಯ್ಯ

ಮಾವ,

ಮೊದಲು ಸುದ್ದಿ. ನಿನ್ನೆ ಬೆಳಿಗ್ಗೆ ನಮ್ಮ ಟೆಂಪೊ ತುಮಕೂರು ರಸ್ತೆಯ ಪಂಪ್ ಕಂಪನಿಯ ಗೇಟು ದಾಟಿ ಒಳಗೆ ಹೋಯಿತು. ಕಂಪನಿಯವರು ತಮ್ಮ ಸರ್ವರ್ ಬದಲಾಯಿಸಿದ ಮೇಲೆ ನಾವು ಕಳುಹಿಸಿದ ಮೊದಲ ಲೋಡು ಅದು. ಹೇಳಿದ್ದು ಟೆಂಪೊ ಓಡಿಸುವ ಬಸಪ್ಪ. ಗಾಡಿಯನ್ನು ಒಳಗೆ ಮರದ ಕೆಳಗೆ ನಿಲ್ಲಿಸಿ ಫೋನ್ ಮಾಡಿದ. "ಒಳಗ ಬಿಟ್ರರೀ ಅಕ್ಕಾರ. ಗೇಟಿನಾಂವ ಗಾಡಿ ನಂಬರ್ ಕೇಳಿದ, ತನ್ನ ಕಂಪ್ಯೂಟರ್ ನೋಡಿದ, ಹೋಗು ಅಂತ ಕೈ ಮಾಡಿದ. ಅಷ್ಟ."

ಏನಾಯ್ತು, ಯಾರು ಹೇಳಿದ್ರು, ಮುಂದೇನು. ಈ ಮೂರಕ್ಕೆ ಉತ್ತರ ಇಲ್ಲದ ಮಾತಿಗೆ ನೀವು ಪೇಪರ್ ಕೆಳಗಿಳಿಸುತ್ತಿರಲಿಲ್ಲ. ಎರಡನ್ನು ಹೇಳಿಬಿಟ್ಟೆ. ಮೂರನೆಯದನ್ನು ಕೊನೆಗೆ ಹೇಳುತ್ತೇನೆ. ಮಧ್ಯದಲ್ಲಿ ನಿಮ್ಮ ಹೆಸರಿನ ವಿಷಯ ಒಂದಿದೆ. ಅದಕ್ಕಾಗಿಯೇ ಈ ಕಾಗದ.

ನಾನು ಮದುವೆಯಾಗಿ ಬಸವೇಶ್ವರನಗರದ ಮನೆಗೆ ಬಂದ ಹೊಸತರಲ್ಲಿ ನೀವು ಪೇಪರಿನ ಹೊರಗಿನ ಹಾಳೆ ಇಟ್ಟುಕೊಂಡು ಒಳಗಿನ ಹಾಳೆಗಳನ್ನು ನನ್ನ ಕಡೆ ತಳ್ಳುತ್ತಿದ್ದಿರಿ. ಮಹಾಲಕ್ಷ್ಮಿ ಲೇಔಟಿನ ನಮ್ಮಪ್ಪನ ಮನೆಯಲ್ಲೂ ಹೀಗೇ ಇದ್ದದ್ದರಿಂದ ನನಗೆ ಅದು ಹೊಸದೆನಿಸಲಿಲ್ಲ. ಓದಿ ಮುಗಿಸಿದ ಮೇಲೆ ನೀವು ಪರೀಕ್ಷೆ ಮಾಡುವವರ ಹಾಗೆ ಕೇಳುತ್ತಿದ್ದಿರಿ, ನಾನು ಹೇಳುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಕಾಮಾಕ್ಷಿಪಾಳ್ಯದ ನಮ್ಮ ಲೇತ್ ವರ್ಕ್‌ಶಾಪಿನ ಬಿಲ್ಲುಗಳನ್ನು ಇವಳೇ ನೋಡಿಕೊಳ್ಳಲಿ ಅಂದಿರಿ. ಸೊಸೆಯನ್ನು ಗ್ರೀಸಿನ ಮಧ್ಯೆ ಕೂರಿಸುತ್ತೀರಾ ಎಂದು ಅತ್ತೆ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರ ಈಗಲೂ ಮನೆಯಲ್ಲಿ ಓಡಾಡುತ್ತಿದೆ: "ಅವಳು ಕೂರೋದು ಆಫೀಸಲ್ಲಿ. ಗ್ರೀಸು ನಿನ್ನ ಮಗನಿಗೆ."

ಕಂಪನಿಯ ಮೀಟಿಂಗಿನಿಂದ ನೀವು ಸ್ಪೈರಲ್ ಹಾಕಿದ ದಪ್ಪ ಪುಸ್ತಕ ಹಿಡಿದು ಬಂದ ಮಧ್ಯಾಹ್ನ ನೆನಪಿದೆಯೇ? ಇನ್ನು ಮುಂದೆ ಯಾವ ಲೋಡೇ ಇರಲಿ, ಗಾಡಿ ಗೇಟಿಗೆ ಬರುವ ಮೊದಲೇ ಅದರ ವಿವರ ಕಂಪನಿಯ ಕಂಪ್ಯೂಟರಿಗೆ ಸೇರಿರಬೇಕು, ಬರೀ ಚಲನ್ ತೋರಿಸಿದರೆ ಬಿಡುವುದಿಲ್ಲ ಎಂದು ಅವರು ಹೇಳಿದ್ದರು. ನೀವು ಆ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ನಾನು ಮೂರು ಪುಟ ಓದ್ದೆ. ಇದರಲ್ಲಿ ಸುದ್ದಿ ಎಲ್ಲಿದೆ ತಾಯಿ?" ಅಂದಿರಿ. ಸುದ್ದಿ ಒಳಗಿನ ಪುಟಗಳಲ್ಲಿತ್ತು. ವಿವರ ಕಳುಹಿಸಲು ಎರಡು ದಾರಿ. ಅವರ ವೆಬ್‌ಸೈಟು ತೆರೆದು ಕೈಯಲ್ಲಿ ಟೈಪ್ ಮಾಡುವುದು ಒಂದು. ನಮ್ಮ ಬಿಲ್ಲಿಂಗ್ ಪ್ರೋಗ್ರಾಮೇ ಅವರ ಕಂಪ್ಯೂಟರನ್ನು ಕರೆದು ಹೇಳುವುದು ಇನ್ನೊಂದು. ನಮಗೆ ಆಗ ಗೊತ್ತಿದ್ದದ್ದು ಟೈಪ್ ಮಾಡುವುದು ಮಾತ್ರ.

ಮೊದಲ ಲೋಡು ವಾಪಸ್ ಬಂದಾಗ ಬಸಪ್ಪ ಗಾಡಿಯಿಂದ ಇಳಿಯದೆ ಸ್ಟೀರಿಂಗ್ ಹಿಡಿದೇ ಕುಳಿತಿದ್ದ. ನಾವು ಲೇತಿನಲ್ಲಿ ಕಡೆದ ಪಂಪಿನ ಬುಷ್‌ಗಳು ಸರಿಯಾಗಿದ್ದವು, ಎಣಿಕೆ ಸರಿಯಾಗಿತ್ತು. ನಮ್ಮ ಬಿಲ್ಲಿನಲ್ಲಿದ್ದ ಪಾರ್ಟ್ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಮತ್ತೆ ಟೈಪ್ ಮಾಡುವಾಗ ಎರಡು ಅಂಕಿ ಹಿಂದುಮುಂದಾಗಿದ್ದವು. ಎರಡನೆಯ ಸಲ ಬ್ರಾಡ್‌ಬ್ಯಾಂಡ್ ಮಧ್ಯದಲ್ಲೇ ಕಡಿದು, ಹೋಯಿತೋ ಇಲ್ಲವೋ ತಿಳಿಯದೆ ಗಾಡಿ ಬಿಟ್ಟಿದ್ದೆವು. ಅದೂ ವಾಪಸ್. ಮೂರನೆಯ ಸಲ ಹೀಗಾದರೆ ಸಪ್ಲೈಯರ್ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಕಂಪನಿಯಿಂದ ಪತ್ರ ಬಂತು. ನಮ್ಮ ಲೇತುಗಳಿಗೆ ಕೆಲಸ ಇದ್ದದ್ದೇ ಹೆಚ್ಚಾಗಿ ಆ ಕಂಪನಿಯಿಂದ. ನೀವು ಪತ್ರವನ್ನು ಗಟ್ಟಿಯಾಗಿ ಓದಿದಿರಿ. ಲೇತುಗಳು ಒಂದೊಂದಾಗಿ ನಿಂತವು.

ಮಂಜುನಾಥನನ್ನು ಕರೆಸಿದ್ದು ಆಮೇಲೆ. ವಿಜಯನಗರದಿಂದ ಸ್ಕೂಟರಿನಲ್ಲಿ ಬಂದು ಮಾಗಡಿ ರಸ್ತೆಯ ಆಚೀಚಿನ ವರ್ಕ್‌ಶಾಪುಗಳಿಗೆಲ್ಲ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟವನು ಅವನೇ. ನಮ್ಮದನ್ನೂ ಬರೆದಿದ್ದ. ಸ್ಪೈರಲ್ ಪುಸ್ತಕವನ್ನು ತಿರುವಿ ನೋಡಿ, ಇದಕ್ಕೆ ಎಪಿಐ ಅಂತಾರೆ ಸಾರ್, ಅವರು ಒಂದು ವಿಳಾಸ ಕೊಟ್ಟಿದ್ದಾರೆ, ಆ ವಿಳಾಸಕ್ಕೆ ನಮ್ಮ ಪ್ರೋಗ್ರಾಂ ಇಲ್ಲಿಂದಲೇ ವಿವರ ಕಳಿಸುತ್ತೆ, ಉತ್ತರ ಅಲ್ಲಿಂದ ಬರುತ್ತೆ ಎಂದು ವಿವರಿಸಿದ. ಬಿಲ್ಲಿನಲ್ಲಿ ಒಮ್ಮೆ ಟೈಪ್ ಮಾಡಿದರೆ ಸಾಕು, ಅದೇ ಹೋಗುತ್ತದೆ. ನೀವು ಸ್ವಲ್ಪ ಯೋಚಿಸಿ, "ಅಂದ್ರೆ ಅವರ ಬಾಗಿಲಿಗೆ ಹೋಗೋದು ಬೇಡ. ಇಲ್ಲಿಂದಲೇ ಕೂಗ್ತೀವಿ" ಅಂದಿರಿ.

"ಕೂಗ್ತೀವಿ ಸಾರ್. ಆದ್ರೆ ಅವರು ಹೇಳಿಕೊಟ್ಟ ಮಾತಲ್ಲೇ ಕೂಗ್ಬೇಕು. ಒಂದು ಚುಕ್ಕೆ ಹೆಚ್ಚುಕಮ್ಮಿ ಆದ್ರೂ ತಿರುಗಿ ನೋಡಲ್ಲ."

"ಇವಳ ಅತ್ತೆ ಥರ," ಅಂದಿರಿ. ಅವನು ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದ.

ಅವನು ಪ್ರೋಗ್ರಾಂ ಬರೆದು ತಂದು ತೋರಿಸಿದ ದಿನ ನಾವೆಲ್ಲ ಆ ಪುಟ್ಟ ಆಫೀಸಿನೊಳಗೆ ನಿಂತಿದ್ದೆವು. ಬಿಲ್ಲಿನ ಕೆಳಗೆ ಹೊಸ ಬಟನ್ ಬಂದಿತ್ತು. ಒತ್ತಿದ. "ಕಳುಹಿಸಲಾಗಿದೆ" ಎಂದು ಚೌಕದಲ್ಲಿ ಬಂತು. ಇವರು, ನಿಮ್ಮ ಮಗ, ಖುಷಿಯಲ್ಲಿ ಮಂಜುನಾಥನ ಬೆನ್ನು ತಟ್ಟಿದರು. ಆಗ ನೀವು ಮೇಜಿನ ಕೆಳಗೆ ಬಗ್ಗಿ, ಬ್ರಾಡ್‌ಬ್ಯಾಂಡ್ ತಂತಿಯನ್ನು ಎತ್ತಿ ಹಿಡಿದಿರಿ. ಬೆಳಿಗ್ಗೆ ಕಸ ಗುಡಿಸುವಾಗ ಅದು ಕಿತ್ತುಕೊಂಡು ಬಂದಿತ್ತು. ಹಾಗಾದರೆ ಕಳುಹಿಸಲಾಗಿದೆ ಎಂದದ್ದು ಯಾರು?

"ಕಳಿಸಿದ್ವಿ ಅನ್ನೋದು ನಮ್ಮ ಮಾತು," ಅಂದಿರಿ ನೀವು. "ಅವರು ಸಿಕ್ತು ಅಂದ್ರಾ?"

ಮಂಜುನಾಥ ತಲೆ ಕೆರೆದುಕೊಂಡು, ಉತ್ತರ ಓದೋ ಭಾಗವನ್ನೇ ಇನ್ನೂ ಬರೆದಿಲ್ಲ ಸಾರ್, ಬಟನ್ ಒತ್ತಿದ ತಕ್ಷಣ ಆ ಚೌಕ ಬರೋ ಹಾಗೆ ಮಾಡಿಟ್ಟಿದ್ದೆ, ಇನ್ನೊಂದೆರಡು ದಿನ ಕೊಡಿ ಎಂದ. ಆ ಎರಡು ದಿನದಲ್ಲಿ ಅವನು ಬರೆದದ್ದರಿಂದಲೇ ನಾವು ಇವತ್ತಿಗೂ ಉಳಿದಿದ್ದೇವೆ. ಈಗ ಬಟನ್ ಒತ್ತಿದರೆ ಪ್ರೋಗ್ರಾಂ ಕಾಯುತ್ತದೆ. ಅವರ ಕಡೆಯಿಂದ ಸ್ವೀಕೃತಿ ನಂಬರ್ ಬಂದರೆ ಮಾತ್ರ ಹಸಿರು ಅಕ್ಷರ. ಬರದಿದ್ದರೆ ಕೆಂಪು, ಜೊತೆಗೆ ಯಾಕೆ ಎಂಬ ಕಾರಣ. ಕೆಂಪು ಇದ್ದರೆ ಬಸಪ್ಪ ಗಾಡಿ ಸ್ಟಾರ್ಟ್ ಮಾಡುವುದಿಲ್ಲ.

ಆಯುಧಪೂಜೆಯ ದಿನವನ್ನು ಹೇಳದೆ ಮುಂದೆ ಹೋಗಲಾರೆ. ಆ ವರ್ಷ ಕಂಪ್ಯೂಟರನ್ನೂ ಆಯುಧಗಳ ಸಾಲಿಗೆ ಸೇರಿಸಿದ್ದು ನೀವೇ. ಹಿಂದಿನ ಸಂಜೆಯೇ ಮೇನ್ ಸ್ವಿಚ್ ಆರಿಸಿ, ಲೇತುಗಳನ್ನು ತೊಳೆದು, ಅತ್ತೆ ಸೇವಂತಿಗೆ ಮಾಲೆ ಹಾಕಿದ್ದರು. ಮಾನಿಟರಿನ ನೆತ್ತಿಗೆ ಅರಿಸಿನ ಕುಂಕುಮ, ಕೀಬೋರ್ಡಿನ ಮೇಲೆ ಬಿಡಿ ಹೂವು. ಬಾಗಿಲಲ್ಲಿ ಬೂದುಗುಂಬಳ ಒಡೆದು, ಪುರಿ ಕಡ್ಲೆ ಹಂಚುತ್ತಾ ಇದ್ದೆವು. ಪೂಜೆಗೆ ಕೂತ ಆಯುಧವನ್ನು ವಿಜಯದಶಮಿಯ ಬೆಳಿಗ್ಗೆವರೆಗೆ ಯಾರೂ ಮುಟ್ಟಬಾರದು ಎಂಬುದು ವರ್ಕ್‌ಶಾಪು ಶುರುವಾದ ದಿನದಿಂದ ನಿಮ್ಮ ಕಟ್ಟುನಿಟ್ಟು. ಅಷ್ಟರಲ್ಲಿ ಮಂಜುನಾಥನ ಸ್ಕೂಟರ್ ಬಂತು. ಕಂಪನಿಯವರ ಮೇಲ್ ನಮಗೂ ಅವನಿಗೂ ಹಿಂದಿನ ಸಂಜೆಯೇ ಬಂದಿತ್ತು, ಅವನು ನೋಡಿದ್ದು ಬೆಳಿಗ್ಗೆ. ಪ್ರೋಗ್ರಾಮಿನಿಂದ ವಿವರ ಕಳುಹಿಸುವ ಸಪ್ಲೈಯರ್‌ಗಳೆಲ್ಲ ಈ ದಿನ ಸಂಜೆಯೊಳಗೆ ಒಂದು ಟ್ರಯಲ್ ಕಳುಹಿಸಬೇಕು, ಕಳುಹಿಸದವರು ಮತ್ತೆ ಕೈಯಲ್ಲಿ ಟೈಪ್ ಮಾಡುವವರ ಗುಂಪಿಗೆ. ನಮ್ಮ ಕಂಪ್ಯೂಟರು ಆ ಹೊತ್ತಿಗೆ ಮಾಲೆ ಹಾಕಿಕೊಂಡು ಕುಳಿತಿತ್ತು. ಮೇಲ್ ನೋಡುವವರು ಯಾರು?

"ಇವತ್ತು ಆಯುಧಪೂಜೆ ಅಂತ ಅವರಿಗೆ ಹೇಳ್ಲಿಲ್ವಾ?" ಎಂದು ನೀವು ಕೇಳಿದಿರಿ.

"ಫೋನ್ ಮಾಡಿ ಹೇಳ್ದೆ ಸಾರ್. ಆ ಮನುಷ್ಯ ದೆಹಲಿ ಕಡೆಯೋನು. ನಿಮ್ಮದು ಬಂದೂಕಿನ ಫ್ಯಾಕ್ಟರಿನಾ ಅಂತ ಕೇಳ್ದ."

ಬ್ರೌಸಿಂಗ್ ಸೆಂಟರಿನಿಂದ ಕಳುಹಿಸಬಹುದಲ್ಲ ಎಂದರು ಇವರು. ಆಗುವುದಿಲ್ಲ ಎಂದ ಮಂಜುನಾಥ. ನಮ್ಮ ವರ್ಕ್‌ಶಾಪಿನ ಬ್ರಾಡ್‌ಬ್ಯಾಂಡ್ ನಂಬರಿನಿಂದ ಬಂದ ಕರೆಯನ್ನು ಮಾತ್ರ ಅವರ ಸರ್ವರ್ ತೆಗೆದುಕೊಳ್ಳುತ್ತದೆ, ಪ್ರೋಗ್ರಾಂ ಇರುವುದೂ ಈ ಒಂದೇ ಕಂಪ್ಯೂಟರಿನಲ್ಲಿ. ಅತ್ತೆ ಮಾಲೆಯನ್ನು ಸರಿಪಡಿಸಿದರು. ಅದೇ ಅವರ ಉತ್ತರ. ನೀವು ಮಾತ್ರ ಹೊರಗಿನ ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದಿರಿ. ಯಾವುದನ್ನು ಬಿಡುತ್ತೀರಿ, ಕಟ್ಟುನಿಟ್ಟನ್ನೋ ಕಂಪನಿಯನ್ನೋ ಎಂದು ಎಲ್ಲರೂ ಕಾಯುತ್ತಿದ್ದೆವು.

ಆಮೇಲೆ ನೀವು ಎದ್ದು ಕೈಕಾಲು ತೊಳೆದು ಬಂದಿರಿ. ಕಂಪ್ಯೂಟರಿಗೆ ಅಕ್ಷತೆ ಹಾಕಿ ಕೈಮುಗಿದು, ಪೂಜೆ ಮುಗಿದ ಮೇಲೆ ದೇವರನ್ನು ಕದಲಿಸುವ ಹಾಗೆ ಮಾನಿಟರನ್ನು ಒಂದು ಬೆರಳಿನಷ್ಟು ಉತ್ತರಕ್ಕೆ ಸರಿಸಿದಿರಿ. "ಮಿಕ್ಕವು ಕೂತಿರಲಿ. ಇದೊಂದು ಎದ್ದಿದೆ," ಎಂದು ನನ್ನ ಕಡೆ ತಿರುಗಿ, "ಹಾಕು ತಾಯಿ ಸ್ವಿಚ್ಚು" ಅಂದಿರಿ. ಕೀಬೋರ್ಡಿನ ಸಂದಿಯಲ್ಲಿ ಸೇವಂತಿಗೆ ಎಸಳು ಸಿಕ್ಕಿಕೊಂಡಿದ್ದವು. ಟ್ರಯಲ್ ಹೋಯಿತು. ಹಸಿರು ಅಕ್ಷರದಲ್ಲಿ ನಂಬರ್ ಬಂತು. ನೀವು ಅದನ್ನು ಮೊದಲ ಪುಟದ ಸುದ್ದಿಯಂತೆ ಗಟ್ಟಿಯಾಗಿ ಓದಿ, ಅತ್ತೆಯ ಮುಖ ನೋಡಿ, "ಮುಂದಿನ ಸಲ ಇದನ್ನ ಆರಿಸದೇ ಪೂಜೆ ಮಾಡೋಣ. ಉರಿಯೋ ದೀಪಕ್ಕೆ ಪೂಜೆ ಮಾಡಲ್ವಾ?" ಎಂದಿರಿ.

ಮುಂದಿನ ಸಲ ಅನ್ನುವುದು ನಿಮಗೆ…

ಶಿವರಾತ್ರಿ ಕಳೆದ ವಾರ ನೀವು ಹೋದಿರಿ. ಕ್ರಿಯೆಗಳೆಲ್ಲ ಮುಗಿದು ವರ್ಕ್‌ಶಾಪಿನ ಬಾಗಿಲು ತೆರೆದ ದಿನ ಒಂದು ಲೋಡು ಸಿದ್ಧವಿತ್ತು. ನಾನು ಬಿಲ್ಲು ಹಾಕಿ ಬಟನ್ ಒತ್ತಿದೆ. ಪ್ರೋಗ್ರಾಂ ಎಂದಿನಂತೆ ಕಾಯಿತು. ಹಸಿರು ಅಕ್ಷರ ಬಂತು. ಅದರ ಕೆಳಗೆ ಎಂದಿನಂತೆ ಇಂಗ್ಲಿಷಿನಲ್ಲಿ ಒಂದು ಸಾಲು: ಸ್ವೀಕರಿಸಲಾಗಿದೆ, ಕಳುಹಿಸಿದವರು ಎಂ. ಗಂಗಾಧರಯ್ಯ, ಧನ್ಯವಾದಗಳು.

ಮಂಜುನಾಥ ಮೊದಲು ಬರೆಯುವಾಗಲೇ ಕಳುಹಿಸುವವರ ಹೆಸರು ಅಂತ ಅವರು ಕೇಳಿದ ಜಾಗದಲ್ಲಿ ನಿಮ್ಮ ಹೆಸರನ್ನು ಪ್ರೋಗ್ರಾಮಿನ ಒಳಗೇ ಬರೆದುಬಿಟ್ಟಿದ್ದ. ಪರದೆಯ ಮೇಲೆ ಅದನ್ನು ಬದಲಾಯಿಸಲು ಜಾಗವಿರಲಿಲ್ಲ. ಹಳೆಯ ಸರ್ವರ್ ಆ ಹೆಸರನ್ನು ಯಾವ ಪಟ್ಟಿಗೂ ತಾಳೆ ನೋಡುತ್ತಿರಲಿಲ್ಲ, ಬಂದದ್ದನ್ನು ಹಾಗೇ ತಿರುಗಿ ಹೇಳುತ್ತಿತ್ತು. ಹೀಗೆ ಒಂದೂವರೆ ವರ್ಷ ಕಾಮಾಕ್ಷಿಪಾಳ್ಯದಿಂದ ಹೋದ ಲೋಡುಗಳನ್ನೆಲ್ಲ ನೀವೇ ಕಳುಹಿಸಿದ್ದೀರಿ. ಇವರಿಗೂ ಗೊತ್ತಿತ್ತು. ಆ ಮೊದಲ ದಿನ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಆ ಸಾಲು ಓದಿ ಲೇತಿಗೆ ಮರಳಿದರು. ಆಮೇಲೆ ದಿನಾ ಹಸಿರು ಬಂತಾ ಎಂದು ದೂರದಿಂದಲೇ ಕೇಳುತ್ತಿದ್ದರು. ಹತ್ತಿರ ಬರುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಕಂಪನಿಯಿಂದ ಹೊಸ ಪುಸ್ತಕ ಬಂತು. ಹೊಸ ಸರ್ವರ್, ಹೊಸ ವಿಳಾಸ, ವಿವರ ಬರೆಯುವ ಕ್ರಮವೂ ಸ್ವಲ್ಪ ಬೇರೆ. ಸಪ್ಲೈಯರ್‌ಗಳು ಕಳುಹಿಸುವವರ ಹೆಸರನ್ನು ಮತ್ತೆ ನೋಂದಾಯಿಸಬೇಕು ಎಂದಿತ್ತು. ಇವರು ನನ್ನ ಹೆಸರು ಕೊಟ್ಟು ಬಂದರು. ಮಂಜುನಾಥ ಈಗ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಕೆಲಸಕ್ಕಿದ್ದಾನೆ, ವಾರದ ದಿನ ಬರಲಾಗುವುದಿಲ್ಲ. ಒಂದು ಭಾನುವಾರ ಬಂದು ಪ್ರೋಗ್ರಾಮಿನ ಒಳಗನ್ನು ತೆರೆದು, ಯಾವ ಸಾಲು ಎಲ್ಲಿದೆ ಎಂದು ನನಗೆ ತೋರಿಸಿಕೊಟ್ಟ. ಮಿಕ್ಕದ್ದನ್ನು ಫೋನಿನಲ್ಲಿ ಕೇಳಿ ಕೇಳಿ ನಾನೇ ಬದಲಾಯಿಸಿದೆ. ಕಷ್ಟವೇನಲ್ಲ ಮಾವ. ಬಿಲ್ಲು ಬರೆಯುವಷ್ಟೇ ಜೋಪಾನ ಬೇಕು.

ಆ ಭಾನುವಾರ ಒಂದು ವಿಷಯ ಕಂಡೆ. ಪ್ರೋಗ್ರಾಮಿನ ಒಳಗೆ, ಉತ್ತರ ಓದುವ ಭಾಗ ಶುರುವಾಗುವ ಕಡೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಸಾಲಿತ್ತು: ಸಾರ್ ಕೇಳಿದ್ದು, ಅವರು ಸಿಕ್ತು ಅಂದ್ರಾ. ಇದೇನು ಎಂದೆ. ಮಂಜುನಾಥ ನಾಚಿಕೊಂಡ. ಸಾಲಿನ ಮುಂದೆ ಒಂದು ಒಂಟಿ ಕೊಂಕು ಗುರುತು, ಇಂಗ್ಲಿಷಿನ ಅಪಾಸ್ಟ್ರಫಿ, ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದಂತೆ. ಯಾಕೆ ಹೀಗೆ ಬರೆದಿದ್ದೇವೆ ಎಂದು ಮುಂದೆ ನೋಡುವವರಿಗೆ ತಿಳಿಯಲಿ ಎಂದು ಪ್ರೋಗ್ರಾಂ ಬರೆಯುವವರೆಲ್ಲ ಹಾಗೆ ಮಾಡುತ್ತಾರಂತೆ. ಅದೇ ಪುಟದಲ್ಲಿ ಸ್ವಲ್ಪ ಮೇಲೆ ನಿಮ್ಮ ಹೆಸರಿನ ಸಾಲೂ ಇತ್ತು. ವಿಳಾಸ ಬದಲಾಯಿಸಿದೆ, ಕ್ರಮ ಬದಲಾಯಿಸಿದೆ. ಆ ಸಾಲನ್ನು ಮುಟ್ಟಲಿಲ್ಲ. ಕೊನೆಗೆ ಮಾಡಿದರಾಯಿತು ಎಂದುಕೊಂಡೆ. ಹೊಸ ಸರ್ವರ್ ಕೂಡ ನೋಡದೆ ಬಿಟ್ಟರೆ ಬಿಡಲಿ ಎಂದೂ…

ನಿನ್ನೆ ಬೆಳಿಗ್ಗೆ ಟೆಂಪೊ ತುಂಬಿ ನಿಂತಿತ್ತು. ಬಸಪ್ಪ ಬೀದಿಯ ಬದಿಯಲ್ಲಿ ಟೀ ಕುಡಿಯುತ್ತಿದ್ದ. ಬಟನ್ ಒತ್ತಿದೆ. ಕೆಂಪು ಅಕ್ಷರ ಬಂತು. ಕಾರಣವನ್ನು ನಾನು ಎರಡು ಸಲ ಓದಿದೆ: ಎಂ. ಗಂಗಾಧರಯ್ಯ ಎಂಬ ವ್ಯಕ್ತಿ ದಾಖಲೆಯಲ್ಲಿಲ್ಲ.

ಅದು ನಿಜವೇ, ಅಲ್ಲವೇ ಮಾವ? ಆದರೂ ಹಾಗೆ ಯಾರೂ ನಮಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ಕಂಪನಿಯ ಲೆಕ್ಕದಲ್ಲಿ ನಮ್ಮ ಎರಡು ವಾಪಸು ಹಾಗೇ ನಿಂತಿವೆ. ಗಾಡಿ ಬಿಟ್ಟರೆ ಮೂರನೆಯದು, ಅಲ್ಲಿಗೆ ಲೇತುಗಳ ಕೆಲಸ ಮುಗಿಯಿತು. ಬಿಡದಿದ್ದರೆ ಲೋಡು ತಡ. ಮಂಜುನಾಥನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾನು ಸುಮ್ಮನೆ ಕುಳಿತದ್ದು ಲೇತಿನ ಹತ್ತಿರದಿಂದಲೇ ಇವರಿಗೆ ಕಂಡಿರಬೇಕು. ಹಸಿರು ಬಂತಾ ಎಂದು ಕೂಗಲಿಲ್ಲ. ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದು ಪರದೆ ಓದಿದರು.

"ನಿನ್ನ ಹೆಸರು ಹಾಕು," ಅಂದರು.

"ಅವರದ್ದನ್ನ ಅಳಿಸಬೇಕಲ್ಲ."

"ಅಪ್ಪ ಇದ್ದಿದ್ರೆ ಏನು ಕೇಳ್ತಿದ್ರು ಹೇಳು."

ಅವರು ಸಿಕ್ತು ಅಂದ್ರಾ ಎಂದು ಕೇಳುತ್ತಿದ್ದಿರಿ. ಇಲ್ಲ, ಅಂದಿಲ್ಲ. ಆದ್ದರಿಂದ ಪ್ರೋಗ್ರಾಂ ತೆರೆದೆ. ನಿಮ್ಮ ಹೆಸರಿನ ಸಾಲಿಗೆ ಹೋದೆ. ಅಳಿಸುವ ಕೀಲಿಯ ಮೇಲೆ ಬೆರಳಿಟ್ಟವಳು ತೆಗೆದೆ. ಸಾಲಿನ ಮುಂದೆ ಒಂದು ಒಂಟಿ ಕೊಂಕು ಗುರುತು ಹಾಕಿದೆ. ಅದರ ಕೆಳಗೆ ಹೊಸ ಸಾಲು ತೆಗೆದು ನನ್ನ ಹೆಸರು ಬರೆದೆ. ಬರೆಯುವಾಗ ಇವರು ನನ್ನ ಹಿಂದೆ ನಿಂತೇ ಇದ್ದರು, ಎಷ್ಟೋ ತಿಂಗಳ ಮೇಲೆ. ನಿಮ್ಮ ಸಾಲು ಹಸಿರು ಬಣ್ಣಕ್ಕೆ ತಿರುಗಿತು. ಕಂಪ್ಯೂಟರ್ ಓದದ ಸಾಲುಗಳನ್ನು ಆ ಪುಟದಲ್ಲಿ ಹಸಿರಿನಲ್ಲೇ ತೋರಿಸುತ್ತದೆ. ಅದು ಇನ್ನು ಕಂಪನಿಗೆ ಹೋಗುವುದಿಲ್ಲ. ಆದರೆ ಈ ಪ್ರೋಗ್ರಾಮನ್ನು ಯಾರು ತೆರೆದರೂ ಮೊದಲು ನಿಮ್ಮ ಹೆಸರು ಕಾಣುತ್ತದೆ, ಆಮೇಲೆ ನನ್ನದು. ಮತ್ತೆ ಬಟನ್ ಒತ್ತಿದೆ. ಸ್ವೀಕೃತಿ ನಂಬರ್ ಬಂತು. ಇವರು ಅದನ್ನು ಗಟ್ಟಿಯಾಗಿ ಓದಿದರು, ನೀವು ಓದುತ್ತಿದ್ದ ಹಾಗೆ. ಬಸಪ್ಪ ಟೀ ಲೋಟ ಇಟ್ಟು ಗಾಡಿ ಹತ್ತಿದ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಹೆಸರು ಅಲ್ಲೇ ಇದೆಯಲ್ಲ, ಇರಲಿ ಬಿಡು ಎಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಹಬ್ಬದ ಮಾತು ತೆಗೆದರು. ಹೋದ ಸಲ ವರ್ಷ ತುಂಬದ ಕಾರಣ ನಾವು ಪೂಜೆ ಮಾಡಿರಲಿಲ್ಲ, ಆ ದಿನ ಬಾಗಿಲು ಮುಚ್ಚಿದ್ದೆವು ಅಷ್ಟೇ. ಈ ಸಲ ಮಾಡಬೇಕು. ಕಂಪ್ಯೂಟರನ್ನು ಆರಿಸಬೇಕೋ ಬೇಡವೋ ಎಂದು ನಾನು ಕೇಳುವ ಮೊದಲೇ, "ಅವರು ಆರಿಸಬೇಡ ಅಂದಿದ್ರಲ್ಲ. ಹಾಗೇ ಮಾಡು. ಹೂವು ಮಾತ್ರ ಕೀಬೋರ್ಡ್ ಮೇಲೆ ಹಾಕಲ್ಲ, ಆಮೇಲೆ ಎಸಳು ತೆಗೆಯೋದು ನಾನೇ" ಎಂದರು.

ಈ ಕಾಗದ ನಿಮಗೆ ಸಿಕ್ಕಿತು ಎಂದು ಹೇಳುವವರು ಯಾರೂ ಇಲ್ಲ. ಕಳುಹಿಸಿದೆ ಅನ್ನುವುದು ನನ್ನ ಮಾತು ಮಾತ್ರ. ಅದು ನನಗೆ ಗೊತ್ತಿದೆ.

ಮುಂದೇನು ಎಂದರೆ: ಬುಧವಾರ ಸಂಜೆ ಲೇತುಗಳು ನಿಲ್ಲುತ್ತವೆ. ಗುರುವಾರ ಆಯುಧಪೂಜೆ, ಕಂಪ್ಯೂಟರ್ ಚಾಲೂ ಇರುತ್ತದೆ. ಶುಕ್ರವಾರ ಬೆಳಿಗ್ಗೆ ಇವರು ಆಯುಧಗಳನ್ನು ಕದಲಿಸಿ ಮೊದಲ ಲೇತನ್ನು ಶುರುಮಾಡುತ್ತಾರೆ. ಶನಿವಾರ ಬೆಳಿಗ್ಗೆ ಲೋಡು ಹೊರಡುತ್ತದೆ. ಅದರ ವಿವರವನ್ನು ನಾನು ಕಳುಹಿಸುತ್ತೇನೆ.

ಗಿರಿಜ